ಭೋಟದೇಶವೂ ಅಲ್ಲಿಯ ಜನವೂ

ಟಿಬೆಟ್ಟೆಂಬ ಹೆಸರು ಸಂಸ್ಕೃತದ 'ತ್ರಿವಿಷ್ಟಪ' ಶಬ್ದದ ಅಪಭ್ರಂಶವೆಂದು ಹೇಳುವ ವಿದ್ವಾಂಸರು ನಮ್ಮಲ್ಲಿ ಬಹುಮಂದಿ ಇರುವರು. ಅಮರಸಿಂಹನು ತನ್ನ ಕೋಶದ ಆದಿಯಲ್ಲಿಯೇ ಸ್ವರ್ಗದ ಪರ್ಯಾಯನಾಮಗಳೊಳಗೆ ಈ ಶಬ್ದವನ್ನು ಸೇರಿಸಿರುವುದರಿಂದ, ಹಿಮಾಲಯದಾಚೆಯ ಆ ನಾಡೇ ಪೂರ್ವದಲ್ಲಿ ದೇವಲೋಕವಾಗಿದ್ದಿತೆಂದು ಸಾಧಿಸುವುದೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ದಯಾನಂದ ಸರಸ್ವತಿಗಳು ಮನುಷ್ಯಸೃಷ್ಟಿಯು ಮೊದಲು ಅಲ್ಲಿಯೇ ಆಯಿತೆಂದು ಬರೆದರು. ಶಬ್ದಸಾಮ್ಯವೊಂದನ್ನೇ ಊರುಗೋಲಾಗಿ ಹಿಡಿದು ಇಷ್ಟು ದೂರ ನಡೆಯುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ. ಆ ಜನರು ತಮ್ಮ ನಾಡನ್ನು 'ಬೋದ್' ಎಂದು ಕರೆದುಕೊಳ್ಳುವರು. ನಮ್ಮವರ 'ಭೋಟ' ಶಬ್ದವೂ, ರಾಜತರಂಗಿಣಿಯಲ್ಲಿ ಕಲ್ಹಣನು ಬಳಸಿದ 'ಭೌಟ್ಟ' ಶಬ್ದವೂ ಇದರಿಂದಲೇ ಹುಟ್ಟಿದುವು. ಯೂರೋಪಿನವರ ಬಾಯಲ್ಲಿರುವ ಹೆಸರಾದರೋ ಅರಬೀ ಗ್ರಂಥಕಾರರ 'ತುಬ್ಬತ್' ಎಂಬುದರ ಮೂಲಕ ಬಂದುದು. ಒಂದು ದೇಶವನ್ನು ಸ್ವರ್ಗವೆಂದು ಕರೆದುಬಿಟ್ಟರೆ ಅದರಿಂದೊಂದು ಅನರ್ಥವೂ ಉಂಟು. ಅಲ್ಲಿಯ ಮನುಷ್ಯರು ಏನನ್ನು ತಿನ್ನುವರು, ಅವರ ಅರಸರಾರು, ಅವರ ಪುಸ್ತಕಗಳಾವುವು ಎಂದು ಕೇಳುವ ಗೋಜೇ ನಮಗೆ ಉಳಿಯುವುದಿಲ್ಲ. ಆದುದರಿಂದ ಸ್ವರ್ಗದ ಮಾತನ್ನು ಅಮರಸಿಂಹನಿಗೇ ಬಿಟ್ಟು, ಭೋಟದೇಶವೆಂಬ ಈ ಭೂಲೋಕದ ನಾಡನ್ನು ವಾಚಕರಿಗೆ ಪರಿಚಯ ಮಾಡಿಕೊಡಲು ಯತ್ನಿಸುವೆನು.

ಹಿಮವತ್ಪರ್ವತವು ಭರತಖಂಡದ ಉತ್ತರಕ್ಕೆ ಗೋಡೆಯಂತಿರುವುದೆಂದು ಶಾಲೆಗಳಲ್ಲಿ ಹೇಳಿಕೊಡುವುದು ವಾಡಿಕೆ. ಗೋಡೆಯಾದರೆ ಈಚೆಯಿಂದ ಹತ್ತಿದಷ್ಟನ್ನೇ ಆಚೆಗೆ ಇಳಿಯಬೇಕು. ಇಲ್ಲಿ ಹಾಗಿಲ್ಲ. ದಕ್ಷಿಣದಿಂದ ಹತ್ತಿ ಕಣಿವೆಯನ್ನು ದಾಟಿದವನು ಆಚೆಗೆ ಅಲ್ಪವೇ ಇಳಿದು, ಮೆಟ್ಟಿಲುಗಳನ್ನೇರಿ ಜಗಲಿಗೆ ಬಂದವನಂತೆ, ಎತ್ತರವಾದ ಬಯಲಿನಲ್ಲಿಯೇ ನಿಲ್ಲುವನು. ಈ ಜಗಲಿಯು ಉತ್ತರದಲ್ಲಿ ಕುನ್‌ಲುನ್ ಪರ್ವತಗಳವರೆಗೆ ಹಬ್ಬಿರುವುದು. ಇದರ ವಿಸ್ತೀರ್ಣವು ಸುಮಾರು 25 ಲಕ್ಷ ಚದರ ಕಿಲೋಮೀಟರು, ಎಂದರೆ ನಮ್ಮ ದೇಶದ ಮುಕ್ಕಾಲು ಪಾಲಿನಷ್ಟು. ಸರಾಸರಿ ಎತ್ತರವು ಹದಿನಾಲ್ಕು ಹದಿನೈದು ಸಾವಿರ ಅಡಿ. ನಮ್ಮ ಕನ್ನಡನಾಡಿನ ಶಿಖರಗಳಲ್ಲಿ ಅತ್ಯುನ್ನತವಾದ ಮುಳ್ಳಯ್ಯನಗಿರಿಯು 6,330 ಅಡಿಯಷ್ಟೆ. ಲ್ಹಾಸಾ ಪಟ್ಟಣವು ತಗ್ಗಿನ ಕಣಿವೆಯಲ್ಲಿರುವುದೆಂದು ಅಲ್ಲಿಯವರು ಎಣಿಸುವರು. ಆ ತಗ್ಗೇ ಸಮುದ್ರಮಟ್ಟದಿಂದ ಸುಮಾರು 12,000 ಅಡಿಯ ಮೇಲಿರುವುದು! ಈ ಪಟ್ಟಣವು ದಿಲ್ಲಿಗಿಂತ ಒಂದು ಅಂಶದಷ್ಟು ಮಾತ್ರ ಉತ್ತರಕ್ಕಿದ್ದರೂ ಹವೆಯಲ್ಲಿ ಅಜಗಜಾಂತರವಾಗಿರುವುದಕ್ಕೆ ಎತ್ತರವೇ ಕಾರಣವು. ಮುಂಗಾರು ಮೋಡಗಳು ಹಿಮಾಲಯದ ಈಚೆಗೇ ಬಹುತರ ಬರಿದಾಗಿಬಿಡುವುದರಿಂದ ಲ್ಹಾಸಾದಲ್ಲಿ ವರ್ಷಕ್ಕೆ ಹದಿನೇಳು ಅಂಗುಲದಷ್ಟು ಮಳೆಯಾಗುವುದು. ವಾಯವ್ಯಕ್ಕೆ ಹೋದಂತೆ ಅದೂ ಇಲ್ಲ.

ಈ ನಾಡನ್ನು ಅಲ್ಲಿಯವರು ಪೂರ್ವದಿಂದಲೂ ಕೆಲವು ಪ್ರಾಂತಗಳಾಗಿ ವಿಭಾಗಿಸಿಕೊಂಡಿರುವರು. ಪಶ್ಚಿಮದ ಙಾರಿ, ಮಧ್ಯದ ಉ-ತ್ಸಾಂಗ್, ಪೂರ್ವದಲ್ಲಿ ಆಳವಾದ ಕೊಳ್ಳಗಳ ಖಾಮ್, ಈಶಾನ್ಯದಲ್ಲಿ ಹುಲ್ಲುಗಾವಲುಗಳ ಆಂದೋ. ಇವುಗಳ ಉತ್ತರಕ್ಕೆ ಚಾಂಗ್‌ಥಾಂಗ್ ಎಂಬ ನಿರ್ಜನಪ್ರಾಯವಾದ ಬಯಲು. ಅಲ್ಲಿ ಉಪ್ಪುನೀರಿನ ಸರೋವರಗಳೂ ಡೇರೆಗಳಲ್ಲಿ ವಾಸಿಸುವ ದನಗಾಹಿಗಳೂ ಉಂಟು. ಏಷ್ಯಾಖಂಡದ ಮಹಾನದಿಗಳಲ್ಲಿ ಎಷ್ಟು ಇಲ್ಲಿ ಹುಟ್ಟುವುವೆಂಬುದನ್ನು ನೆನೆದರೆ ಆಶ್ಚರ್ಯವಾಗುವುದು. ಸಿಂಧು, ಶತದ್ರು, ಬ್ರಹ್ಮಪುತ್ರ, ಈ ಮೂರೂ ಕೈಲಾಸ ಮಾನಸಸರೋವರಗಳ ಆಸುಪಾಸಿನಿಂದಲೇ ಹೊರಟು ಮೂರು ದಿಕ್ಕು ಹಿಡಿಯುವುವು. ಚೀನದ ಹ್ವಾಂಗ್‌ಹೋ, ಯಾಂಗ್‌ತ್ಸೆ ನದಿಗಳೂ, ಬ್ರಹ್ಮದೇಶದ ಸಾಲ್ವೀನ್ ನದಿಯೂ, ಮೇಕಾಂಗ್ ನದಿಯೂ ಈ ಜಗಲಿಯ ಪೂರ್ವಭಾಗದವು.

ಇಂತಹ ಎತ್ತರವು ಹೇಗೆ ಉಂಟಾಯಿತು? ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭರತಖಂಡದ ನೆಲವು ದಕ್ಷಿಣದಿಂದ ತೇಲಿ ಬಂದು ಏಷ್ಯಾಖಂಡಕ್ಕೆ ತಗುಲಿ, ನಡುವೆಯಿದ್ದ 'ಟೆಥಿಸ್' ಎಂಬ ಸಮುದ್ರದ ತಳವನ್ನು ಮಡಿಸಿ ಮೇಲಕ್ಕೆತ್ತಿತೆಂದು ಭೂಗರ್ಭಶಾಸ್ತ್ರಜ್ಞರು ನಿರ್ಣಯಿಸಿರುವರು. ಇದಕ್ಕೆ ಸಾಕ್ಷಿಯು ನಮ್ಮ ದೇವರ ಪೀಠದಲ್ಲಿಯೇ ಇರುವುದು. ಭೋಟದೇಶದ ಗಡಿಯ ಬಳಿಯಿಂದ ಇಳಿದುಬರುವ ಗಂಡಕೀನದಿಯಲ್ಲಿ ದೊರೆಯುವ ಸಾಲಿಗ್ರಾಮದೊಳಗಿನ ಚಕ್ರವು ಆ ಸಮುದ್ರದಲ್ಲಿ ಒಂದು ಕಾಲಕ್ಕೆ ಬದುಕಿದ್ದ ಚಿಪ್ಪುಜಂತುವಿನ ಶಿಲಾವಶೇಷವು. ಇದನ್ನು ಕೇಳಿ ಕೆಲವರು ಆಸ್ತಿಕರು ನೊಂದುಕೊಳ್ಳುವರು. ನನಗಾದರೋ ಕ್ಷೀರಸಾಗರಶಾಯಿಯ ಕುರುಹಾಗಿ ನಿಜವಾದ ಸಮುದ್ರದ ವಸ್ತುವೇ ಪೂಜೆಗೊಳ್ಳುತ್ತಿರುವುದು ಸಂತೋಷದ ಸಂಗತಿಯಾಗಿಯೇ ಕಾಣುವುದು.

ಲ್ಹಾಸಾದಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯುವು ಸಮುದ್ರತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಬಯಲುಸೀಮೆಯವನು ಅಲ್ಲಿಗೆ ಹೋದರೆ ತಲೆನೋವು, ವಾಕರಿಕೆ, ನಿದ್ರಾಭಂಗಗಳಿಂದ ಪೀಡಿತನಾಗುವನು. ದಿನಗಳೆದಂತೆ ಅವನ ರಕ್ತದಲ್ಲಿ ಕೆಂಪುಕಣಗಳು ಹೆಚ್ಚಿ, ರಕ್ತವೇ ಗಟ್ಟಿಯಾಗುತ್ತ ಬರುವುದು. ಭೋಟೀಯರ ರಕ್ತವು ಹಾಗೆ ಗಟ್ಟಿಯಾಗುವುದಿಲ್ಲ. ಅವರಲ್ಲಿ ವಂಶಾನುಗತವಾಗಿ ಬಂದಿರುವ ಒಂದು ಜೀನಿನ ಭೇದವೇ ಇದಕ್ಕೆ ಕಾರಣವೆಂದು 2010ರಲ್ಲಿ ಗೊತ್ತಾಯಿತು; ಆ ಭೇದವು ಈಗ ಲುಪ್ತವಾಗಿರುವ 'ಡೆನಿಸೋವ' ಎಂಬ ಪ್ರಾಚೀನ ಮಾನವಜಾತಿಯಿಂದ ಅವರಿಗೆ ಬಂದುದೆಂದು 2014ರಲ್ಲಿ ಪ್ರಕಟವಾಯಿತು. ಆ ಜಾತಿಯವರ ದವಡೆಯ ಮೂಳೆಯೊಂದನ್ನು ಆಂದೋ ಪ್ರಾಂತದ ಗುಹೆಯೊಂದರಲ್ಲಿ 1980ರಲ್ಲಿ ಒಬ್ಬ ಬೌದ್ಧಭಿಕ್ಷುವು ಕಂಡಿದ್ದನು. ಅದು ಒಂದು ಲಕ್ಷ ಅರುವತ್ತು ಸಾವಿರ ವರ್ಷಗಳಿಗೆ ಕಡಮೆಯಿಲ್ಲದ ಹಳೆಯದೆಂದು ವಿದ್ವಾಂಸರು ನಿರ್ಧರಿಸಿದುದು 2019ರಲ್ಲಿ.

ದೇಹವು ಒಗ್ಗಿದ ಮಾತ್ರಕ್ಕೆ ಊರು ಕಟ್ಟಲಾಗದು; ಅನ್ನ ಬೇಕು. ಗೋದಿಯೂ ನವಣೆಯೂ ಬೆಳೆಯದ ಆ ಚಳಿಯಲ್ಲಿ ಬಾಳುವ ಧಾನ್ಯವು ಯವೆ. ಸುಮಾರು 3,600 ವರ್ಷಗಳಿಂದೀಚೆಗೆ ಯವೆಯ ಬೇಸಾಯವು ಹಬ್ಬಿದ ಮೇಲೆಯೇ ಹತ್ತು ಸಾವಿರ ಅಡಿಗೂ ಮೇಲೆ ಜನರು ವರ್ಷದ ಹನ್ನೆರಡು ತಿಂಗಳೂ ನೆಲಸುವಂತಾಯಿತು. ಯವೆಯನ್ನು ಹುರಿದು ಬೀಸಿದ ಹಿಟ್ಟಿಗೆ ಅವರು 'ತ್ಸಂಪಾ' ಎನ್ನುವರು. ಇದು ನಮ್ಮ ಹುರಿಹಿಟ್ಟಿನ ಜಾತಿಯದು. ವೈದಿಕರಿಗೆ ಪರಿಚಿತವಾದ 'ಸಕ್ತು'ವೇ ಸರಿ. ಉಪ್ಪನ್ನೂ ಬೆಣ್ಣೆಯನ್ನೂ ಹಾಕಿ ಕಡೆದ ಚಹದಲ್ಲಿ ಈ ಹಿಟ್ಟನ್ನು ಕಲಸಿ ಉಂಡೆಮಾಡಿ ತಿನ್ನುವರು. ಬೆಣ್ಣೆಯು ಬರುವುದು ಯಾಕ್ ಎಂಬ ಚಮರೀಮೃಗದ ಹೆಣ್ಣಿನಿಂದ. ಆ ಪ್ರಾಣಿಯೊಂದರಿಂದಲೇ ಹೊರೆಸಾಗಣೆ, ಉಳುಮೆ, ಹಾಲು, ಮಾಂಸ, ಡೇರೆಯ ಕಂಬಳಿ, ಪಾದರಕ್ಷೆಯ ತೊಗಲು, ಒಲೆಗೆ ಬೆರಣಿ, ಎಲ್ಲವೂ ನಡೆಯುವುವು. ಮರವಿಲ್ಲದ ನಾಡಿನಲ್ಲಿ ಬೆರಣಿಗೆ ಇರುವ ಬೆಲೆಯನ್ನು ನಮ್ಮ ಬಯಲುಸೀಮೆಯ ಹೆಂಗಸರು ಚೆನ್ನಾಗಿ ಬಲ್ಲರು. ಕಟ್ಟಿಗೆಯ ಅಭಾವದಿಂದ ಹೆಣವನ್ನು ಸುಡುವುದಾಗಲಿ, ಹೆಪ್ಪುಗಟ್ಟಿದ ನೆಲದಲ್ಲಿ ಹೂಳುವುದಾಗಲಿ ಕಷ್ಟವಾದುದರಿಂದ ಹದ್ದುಗಳಿಗೆ ಅರ್ಪಿಸುವ ಪದ್ಧತಿಯು ಅಲ್ಲಿ ಬೆಳೆಯಿತು. ಭೂಮಿಯು ಹೋಳಾಗದಿರಲೆಂದು ಅಣ್ಣತಮ್ಮಂದಿರು ಒಬ್ಬಳನ್ನೇ ವರಿಸುವ ಆಚಾರವೂ ಕೆಲವೆಡೆ ಇದ್ದಿತು. ಪಾಂಡವರ ಕಥೆಯನ್ನು ಕೈಮುಗಿದು ಕೇಳುವ ನಾವು ಇದಕ್ಕಾಗಿ ಮೂಗು ಮುರಿಯಬೇಕಾದುದಿಲ್ಲ.

ಈ ಜನರಿಗೂ ನಮಗೂ ವ್ಯವಹಾರವು ಪುರಾತನವಾದುದು. ದೇವರಿಗೂ ಅರಸರಿಗೂ ಬೀಸುವ ಚಾಮರವು ಚಮರೀಮೃಗದ ಬಾಲ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವು, ವೈದ್ಯಗ್ರಂಥಗಳ 'ಟಂಕಣ'ವು, ಬಹುಕಾಲದವರೆಗೆ ಭೋಟದೇಶದ ಸರೋವರಗಳಿಂದ ಕುರಿಗಳ ಬೆನ್ನಮೇಲೆ ಹಿಮಾಲಯವನ್ನು ದಾಟಿ ಬರುತ್ತಿದ್ದಿತು. ಕಸ್ತೂರಿಯೂ ಹಾಗೆಯೇ. ಕಾಶ್ಮೀರದ ಶಾಲುಗಳ ಉಣ್ಣೆಯು ಚಾಂಗ್‌ಥಾಂಗಿನ ಆಡುಗಳದು. ಅವರಿಗೆ ಈಚೆಯಿಂದ ಹೋಗುತ್ತಿದ್ದುದು ಮುಖ್ಯವಾಗಿ ಧಾನ್ಯ.

ಭೋಟದೇಶದ ರಾಜಕೀಯ ಚರಿತ್ರೆಯು ಏಳನೆಯ ಶತಮಾನದಲ್ಲಿ ಸ್ಪಷ್ಟವಾಗುವುದು. ಯಾರ್ಲುಂಗ್ ಕಣಿವೆಯ ಅರಸನಾದ ಸೊಂಗ್‌ಚೆನ್ ಗಂಪೋ ಎಂಬವನು ಚದುರಿದ ಕುಲಗಳನ್ನೆಲ್ಲ ಒಂದುಗೂಡಿಸಿ ಸಾಮ್ರಾಜ್ಯವನ್ನು ಕಟ್ಟಿದನು. 641ರಲ್ಲಿ ಚೀನದ ರಾಜಕುಮಾರಿಯೊಬ್ಬಳು ಅವನಿಗೆ ವಧುವಾಗಿ ಬಂದಳು. ನೇಪಾಳದ ರಾಜಪುತ್ರಿಯನ್ನೂ ವರಿಸಿದ್ದನೆಂದು ಅಲ್ಲಿಯ ಐತಿಹ್ಯ. ಅವನ ಮಂತ್ರಿಯಾದ ಥೋನ್ಮಿ ಸಂಭೋಟನು ಹಿಂದೂಸ್ಥಾನಕ್ಕೆ ಬಂದು ವ್ಯಾಕರಣವನ್ನೋದಿ, ನಮ್ಮ ಲಿಪಿಯ ಮಾದರಿಯಲ್ಲಿ ಭೋಟಲಿಪಿಯನ್ನು ನಿರ್ಮಿಸಿದನೆಂದೂ ಹೇಳುವರು. ಕ, ಖ, ಗ, ಙ ಎಂಬ ಕ್ರಮದಲ್ಲಿಯೇ ಅವರ ಅಕ್ಷರಮಾಲೆಯು ನಡೆಯುವುದನ್ನು ನೋಡಿದವರಿಗೆ ಅದರ ಮೂಲದ ವಿಷಯದಲ್ಲಿ ಸಂಶಯವುಳಿಯದು. 763ರಲ್ಲಿ ಭೋಟಸೈನ್ಯವು ಚೀನದ ರಾಜಧಾನಿಯಾದ ಛಾಂಗ್‌ಆನ್ ನಗರವನ್ನೇ ಹಿಡಿದು ಕೆಲವು ದಿನ ಇಟ್ಟುಕೊಂಡಿದ್ದಿತು. 821–22ರಲ್ಲಿ ಎರಡು ರಾಜ್ಯಗಳೂ ಎಲ್ಲೆಗಳನ್ನು ಗೊತ್ತುಮಾಡಿಕೊಂಡು ಸಂಧಿಯನ್ನು ಮಾಡಿಕೊಂಡುವು. ಆ ಸಂಧಿಯನ್ನು ಎರಡು ಭಾಷೆಗಳಲ್ಲಿ ಕೆತ್ತಿಸಿದ ಶಿಲಾಸ್ತಂಭವು ಲ್ಹಾಸಾದ ಜೋಖಾಂಗ್ ದೇವಾಲಯದೆದುರಿಗೆ ಇರುವುದು. ಅದರಲ್ಲಿ ಸೂರ್ಯಚಂದ್ರರನ್ನೂ ಗ್ರಹನಕ್ಷತ್ರಗಳನ್ನೂ ಸಾಕ್ಷಿಗೆ ಕರೆದಿರುವುದು. ಊರೂರಿನ ದಾನಶಾಸನಗಳ ನೆತ್ತಿಯಲ್ಲಿ ಚಂದ್ರಸೂರ್ಯರನ್ನು ಕಂಡು ಬೆಳೆದ ಕನ್ನಡಿಗನಿಗೆ ಆ ಕಲ್ಲು ಅಪರಿಚಿತವಾಗಿ ತೋರಲಾರದು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಸಾಮ್ರಾಜ್ಯವು ಒಡೆದುಹೋಯಿತು. ಬಳಿಕ ಪಾಳೆಯಗಾರರ ಕಾಲ. ಹದಿಮೂರನೆಯ ಶತಮಾನದಲ್ಲಿ ಮಂಗೋಲರ ಆಶ್ರಯದಿಂದ ಸಾಕ್ಯಮಠದ ಪ್ರಾಬಲ್ಯ. 1409ರಿಂದ 1419ರೊಳಗೆ ಗಾಂದೆನ್, ದ್ರೇಪುಂಗ್, ಸೇರಾ ಎಂಬ ಮೂರು ಮಹಾವಿಹಾರಗಳ ಸ್ಥಾಪನೆ. 1578ರಲ್ಲಿ ಮಂಗೋಲ ನಾಯಕನೊಬ್ಬನು ಸೋನಮ್ ಗ್ಯಾತ್ಸೋ ಎಂಬ ಗುರುವಿಗೆ 'ದಲಾಯಿ' ಎಂಬ ಬಿರುದನ್ನಿತ್ತನು. ಭೋಟಭಾಷೆಯ 'ಗ್ಯಾತ್ಸೋ' ಶಬ್ದಕ್ಕೂ ಮಂಗೋಲ ಭಾಷೆಯ 'ದಲಾಯಿ' ಶಬ್ದಕ್ಕೂ ಸಾಗರವೆಂದೇ ಅರ್ಥ. ಸಮುದ್ರವನ್ನೇ ಕಾಣದ ನಾಡಿನಲ್ಲಿ ಗುರುವಿಗೆ ಸಾಗರವೆಂಬ ಹೆಸರು! 1642ರಲ್ಲಿ ಐದನೆಯ ದಲಾಯಿ ಲಾಮಾ ರಾಜ್ಯಾಧಿಕಾರವನ್ನೂ ಪಡೆದು, ಮೂರು ವರ್ಷಗಳ ತರುವಾಯ ಪೋತಲ ಅರಮನೆಯ ಕೆಲಸವನ್ನು ಆರಂಭಿಸಿದನು.

ಆದರೆ ಸಂಸ್ಕೃತಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಈ ಅರಸರ ಕಥೆಗಿಂತ ಪುಸ್ತಕಗಳ ಕಥೆಯೇ ಹೆಚ್ಚು ಹತ್ತಿರದ್ದು. ನಾವು ತರ್ಕವನ್ನೂ ಮೀಮಾಂಸೆಯನ್ನೂ ಓದುವಾಗ ಬೌದ್ಧನು ಪೂರ್ವಪಕ್ಷಿಯಾಗಿ ಪುಟಪುಟಕ್ಕೂ ಬರುವನು. ಅವನ ಮಾತನ್ನು ಎರಡು ಸಾಲಿನಲ್ಲಿ ಹೇಳಿ, ಹತ್ತು ಸಾಲಿನಲ್ಲಿ ಖಂಡಿಸಿ, ಗುರುಗಳು ಮುಂದಕ್ಕೆ ಹೋಗುವರು. ವಿಜಯನಗರದ ಕಾಲದ ಸರ್ವದರ್ಶನಸಂಗ್ರಹದಲ್ಲಿ ಬೌದ್ಧದರ್ಶನಕ್ಕೊಂದು ಪ್ರಕರಣವಿರುವುದು ನಿಜ. ಆದರೆ ಕುಮಾರಿಲಾದಿಗಳ ಪರಂಪರೆಯೊಡನೆ ಸೆಣಸಿದ ಧರ್ಮಕೀರ್ತಿಯ ಪ್ರಮಾಣವಾರ್ತಿಕವನ್ನು ಕಣ್ಣಾರೆ ಕಂಡ ಶಾಸ್ತ್ರಿಗಳು ದಕ್ಷಿಣದಲ್ಲಿ ಬಹುಕಾಲ ಯಾರೂ ಇರಲಿಲ್ಲ. ಪ್ರತಿವಾದಿಯ ಮುಖವನ್ನೇ ನೋಡದೆ ಏಳೆಂಟು ನೂರು ವರ್ಷ ವಾದದಲ್ಲಿ ಗೆಲ್ಲುತ್ತಿದ್ದೆವು. ಆ ಪ್ರತಿವಾದಿಯು ಹೋಗಿ ಸೇರಿದ್ದುದು ಭೋಟದೇಶವನ್ನು.

ಹೇಗೆಂದರೆ: ಎಂಟನೆಯ ಶತಮಾನದಲ್ಲಿ ಠಿಸೊಂಗ್ ದೇಚೆನ್ ಎಂಬ ಅರಸನು ಶಾಂತರಕ್ಷಿತನೆಂಬ ಆಚಾರ್ಯನನ್ನು ಕರೆಯಿಸಿ ಸಮ್ಯೇ ಎಂಬಲ್ಲಿ ಮೊದಲನೆಯ ವಿಹಾರವನ್ನು ಕಟ್ಟಿಸಿದನು. ಅಂದಿನಿಂದ ಭಾಷಾಂತರದ ಕಾರ್ಯವು ರಾಜಕಾರ್ಯವಾಯಿತು. ನಮ್ಮ ಪಂಡಿತನೊಬ್ಬನೂ ಅವರ 'ಲೋತ್ಸಾವ'ನೊಬ್ಬನೂ ಜೊತೆಯಾಗಿ ಕುಳಿತು ಒಂದೊಂದು ಗ್ರಂಥವನ್ನು ತಿರುಗಿಸುವರು. ಭಾಷಾಂತರಕಾರನನ್ನು ಹೇಳುವ ಈ ಮಾತು 'ಲೋಕಚಕ್ಷು' ಎಂಬ ನಮ್ಮ ಶಬ್ದದ ರೂಪಾಂತರವೆಂದು ಹೇಳುವರು; ಇದಕ್ಕಿಂತ ಒಳ್ಳೆಯ ಹೆಸರು ಆ ಕೆಲಸಕ್ಕೆ ದೊರೆಯಲಾರದು. ಒಂದೊಂದು ಸಂಸ್ಕೃತ ಪಾರಿಭಾಷಿಕಶಬ್ದಕ್ಕೆ ಇಂಥದೇ ಭೋಟಶಬ್ದವನ್ನು ಬಳಸತಕ್ಕದ್ದೆಂದು ಒಂಬತ್ತನೆಯ ಶತಮಾನದ ಆದಿಯಲ್ಲಿ ರಾಜಾಜ್ಞೆಯಾಗಿ, ಅದಕ್ಕಾಗಿ 'ಮಹಾವ್ಯುತ್ಪತ್ತಿ' ಎಂಬ ಕೋಶವು ಸಿದ್ಧವಾಯಿತು. ಇದರ ಫಲವಾಗಿ, ಮೂಲವು ನಷ್ಟವಾಗಿದ್ದರೂ ಭೋಟಭಾಷಾಂತರದಿಂದ ಸಂಸ್ಕೃತವಾಕ್ಯವನ್ನು ಬಹುಮಟ್ಟಿಗೆ ಊಹಿಸಬಹುದಾಗಿರುವುದು. ಇಂದಿನ ನಮ್ಮ ಭಾಷಾಂತರಕಾರರು ಒಂದೇ ಪುಟದಲ್ಲಿ ಒಂದೇ ಶಬ್ದವನ್ನು ಮೂರು ಬಗೆಯಾಗಿ ತಿರುಗಿಸುವುದನ್ನು ಕಂಡಾಗ ಆ ಅರಸನ ನೆನಪು ಬಾರದಿರದು.

ಸಾಮ್ರಾಜ್ಯವು ಒಡೆದಮೇಲೆ ಕುಂದಿದ ಈ ಕಾರ್ಯಕ್ಕೆ ಹನ್ನೊಂದನೆಯ ಶತಮಾನದಲ್ಲಿ ಮತ್ತೆ ಕಳೆಯೇರಿತು. 1042ರಲ್ಲಿ ವಿಕ್ರಮಶಿಲೆಯ ಆಚಾರ್ಯ ದೀಪಂಕರ ಶ್ರೀಜ್ಞಾನನು, ಅತೀಶನೆಂದು ಪ್ರಸಿದ್ಧನಾದವನು, ಅರುವತ್ತು ದಾಟಿದ ಮುಪ್ಪಿನಲ್ಲಿ ಪರ್ವತವನ್ನೇರಿ ಹೋಗಿ, ಹಿಂದಿರುಗಲಾರದೆ 1054ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟನು. ಅವನ ಇಷ್ಟದೇವತೆಯು ತಾರಾದೇವಿ. ಅದೇ ಶತಮಾನದ ಕೊನೆಯಲ್ಲಿ, 1095ರ ಡಂಬಳದ ಶಾಸನದಲ್ಲಿ, ನಮ್ಮ ನಾಡಿನ ಬೌದ್ಧರೂ ಆ ತಾರೆಯನ್ನೇ ಸ್ತುತಿಸಿರುವರು. ಇಲ್ಲಿ ಆ ದೀಪವು ಆರಿಹೋಯಿತು. ಸುಮಾರು 1200ರಲ್ಲಿ ನಾಲಂದಾ ವಿಕ್ರಮಶಿಲೆಗಳು ಹಾಳಾದಾಗ ಉಳಿದ ಪಂಡಿತರಲ್ಲಿ ಕೆಲವರು ಹೊತ್ತಗೆಗಳೊಡನೆ ಉತ್ತರಕ್ಕೆ ನಡೆದರು. ಇಂತು ಬೆಳೆದ ಭಾಷಾಂತರಗಳು ಕಂಜೂರ್ ಎಂದು ನೂರಕ್ಕೂ, ತಂಜೂರ್ ಎಂದು ಇನ್ನೂರಕ್ಕೂ ಮಿಕ್ಕ ಸಂಪುಟಗಳಾಗಿರುವುವು.

ಇವುಗಳಲ್ಲಿ ಧರ್ಮಗ್ರಂಥಗಳೊಂದೇ ಅಲ್ಲದೆ ವ್ಯಾಕರಣ, ವೈದ್ಯ, ಕಾವ್ಯಗಳೂ ಸೇರಿರುವುವು. ಅಮರಕೋಶವುಂಟು. ಮೇಘದೂತವು ಹದಿನಾಲ್ಕನೆಯ ಶತಮಾನದಲ್ಲಿ ಭೋಟಭಾಷೆಗೆ ಬಂದಿತು. ಕಾಳಿದಾಸನು ದಕ್ಷಿಣದಿಂದ ಮೋಡದ ಕಣ್ಣಿನಲ್ಲಿ ಕಂಡ ಕೈಲಾಸವನ್ನು ಅದರ ಆಚೆಯಲ್ಲಿ ವಾಸಿಸುವವರು ತಮ್ಮ ಮಾತಿನಲ್ಲಿ ಓದಿಕೊಂಡರು! ದಂಡಿಯ ಕಾವ್ಯಾದರ್ಶವನ್ನು ಹದಿಮೂರನೆಯ ಶತಮಾನದಲ್ಲಿ ಶೊಂಗ್‌ತೋನ್ ಎಂಬ ಲೋತ್ಸಾವನು ತಿರುಗಿಸಿದನು; ಅಂದಿನಿಂದ ಅವರ ಕವಿಗಳಿಗೆಲ್ಲ ಅದೇ ಲಕ್ಷಣಗ್ರಂಥ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿದುದೂ ಆ ದಂಡಿಯ ಆಧಾರದಿಂದಲೇ. ಆದ್ದರಿಂದ ಅಲಂಕಾರಶಾಸ್ತ್ರದಲ್ಲಿ ಕನ್ನಡಿಗನೂ ಭೋಟೀಯನೂ ಒಂದೇ ಗುರುವಿನ ಶಿಷ್ಯರೆಂದು ಹೇಳಿದರೆ ತಪ್ಪಾಗದು.

ಈ ನಾಡಿನ ವಿಷಯವನ್ನು ಹೊರಗಿನವರಿಗೆ ತಿಳಿಸಿದವರಲ್ಲಿ ಇಬ್ಬರು ಭಾರತೀಯರ ಹೆಸರನ್ನು ಹೇಳದಿರಲಾರೆ. ಮೊದಲನೆಯವನು ಕುಮಾವೂನಿನ ನೈನ್‌ಸಿಂಗ್ ರಾವತನು. ಹಿಮಾಲಯದ ಹಳ್ಳಿಯೊಂದರ ಶಾಲೆಯ ಉಪಾಧ್ಯಾಯನಾದ ಈತನನ್ನು ಭೂಮಾಪನ ಇಲಾಖೆಯವರು ಯಾತ್ರಿಕನ ವೇಷದಲ್ಲಿ ಕಳುಹಿಸಿದರು; ಆಗ ವಿದೇಶೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿಯಾಗುವಂತೆ ಸಮನಾಗಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡು, ನೂರೆಂಟು ಮಣಿಗಳ ಜಪಮಾಲೆಗೆ ಬದಲಾಗಿ ನೂರೇ ಮಣಿಗಳ ಮಾಲೆಯನ್ನು ಹಿಡಿದು, ನೂರು ಹೆಜ್ಜೆಗೊಂದು ಮಣಿಯನ್ನು ಜಾರಿಸುತ್ತ ಆತನು ನಡೆದನು. ಬರೆದುಕೊಂಡ ಲೆಕ್ಕವನ್ನು ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಯ ಸ್ಥಾನದಲ್ಲಿ ಅಡಗಿಸಿಡುವನು. 1866ರ ಜನವರಿಯಲ್ಲಿ ಲ್ಹಾಸಾವನ್ನು ಸೇರಿ, ನೀರು ಕುದಿಯುವ ಉಷ್ಣಮಾನದಿಂದ ಪಟ್ಟಣದ ಎತ್ತರವನ್ನು ಗುಣಿಸಿದನು. ಕೈಯಲ್ಲಿದ್ದ ಹಣವು ತೀರಿದಾಗ ಅಲ್ಲಿಯ ನೇಪಾಳಿ ವರ್ತಕರಿಗೆ ಲೆಕ್ಕ ಬರೆಯುವ ಕ್ರಮವನ್ನು ಕಲಿಸಿ ಹೊಟ್ಟೆ ಹೊರೆದನಂತೆ. ಉಪಾಧ್ಯಾಯನಿಗೆ ಎಲ್ಲಿ ಹೋದರೂ ತನ್ನ ವೃತ್ತಿ ತಪ್ಪದು. ಲಂಡನ್ನಿನ ರಾಜಕೀಯ ಭೂಗೋಲಸಂಘದವರು 1877ರಲ್ಲಿ ಈತನಿಗೆ ಸ್ವರ್ಣಪದಕವನ್ನಿತ್ತರು. ನಮ್ಮ ಪಾಠಪುಸ್ತಕಗಳಲ್ಲಿ ದೊರೆಗಳ ಹೆಸರುಗಳಿರುವಷ್ಟು ವಿಸ್ತಾರವಾಗಿ ಈತನ ಹೆಸರಿಲ್ಲ.

ಎರಡನೆಯವರು ರಾಹುಲ ಸಾಂಕೃತ್ಯಾಯನರು. 1929ರಿಂದ 1938ರವರೆಗೆ ನಾಲ್ಕು ಸಲ ಭೋಟದೇಶಕ್ಕೆ ಹೋಗಿ, ಶಲು, ಙೋರ್, ಸಾಕ್ಯ ಮೊದಲಾದ ಮಠಗಳಲ್ಲಿ ಹುದುಗಿದ್ದ ಸಂಸ್ಕೃತ ತಾಳೆಯೋಲೆಗಳನ್ನು ಹುಡುಕಿ, ಕೆಲವನ್ನು ಪ್ರತಿಮಾಡಿಯೂ ಕೆಲವನ್ನು ಛಾಯಾಚಿತ್ರ ತೆಗೆದೂ ಪಾಟ್ನಾಕ್ಕೆ ತಂದರು. ಪ್ರಮಾಣವಾರ್ತಿಕದ ಸಂಸ್ಕೃತಮೂಲವು ವ್ಯಾಖ್ಯಾನಗಳೊಡನೆ ಬೆಳಕಿಗೆ ಬಂದುದು ಈ ಪ್ರಯತ್ನದಿಂದಲೇ. ಇದಾದ ಹನ್ನೆರಡು ವರ್ಷಗಳೊಳಗೆ ಆ ನಾಡಿನ ಸ್ಥಿತಿಯೇ ಬೇರೆಯಾಯಿತೆಂಬುದನ್ನು ನೆನೆದರೆ, ಅವರು ತಡಮಾಡದೆ ಹೋದುದು ಎಂತಹ ಪುಣ್ಯವೆಂದು ತಿಳಿಯುವುದು.

ಆ ಸ್ಥಿತ್ಯಂತರವನ್ನು ಚಿಕ್ಕದಾಗಿ ಹೇಳುವೆನು. 1904ರಲ್ಲಿ ಇಂಗ್ಲಿಷರ ಸೈನ್ಯವು ಯಂಗ್‌ಹಸ್ಬೆಂಡನೊಡನೆ ಲ್ಹಾಸಾಕ್ಕೆ ನುಗ್ಗಿತು. 1913ರಲ್ಲಿ ಹದಿಮೂರನೆಯ ದಲಾಯಿ ಲಾಮಾ ತನ್ನ ನಾಡಿನ ಸ್ವಾತಂತ್ರ್ಯವನ್ನು ಸಾರಿದನು. ಮುಂದೆ 1950ರವರೆಗೆ ಚೀನದ ಅಧಿಕಾರವು ಲ್ಹಾಸಾದಲ್ಲಿ ನಡೆಯಲಿಲ್ಲ. ಪೂರ್ವದಿಂದಲೂ ಅದು ತಮ್ಮದೇ ಭಾಗವೆಂದು ಚೀನದವರೂ, ಎಂದೂ ಅಲ್ಲವೆಂದು ಭೋಟೀಯರೂ ವಾದಿಸುವರು. 821ರ ಶಿಲಾಸ್ತಂಭವನ್ನೂ 1913ರಿಂದೀಚಿನ ವೃತ್ತಾಂತವನ್ನೂ ನೋಡಿದರೆ ಭೋಟೀಯರ ಪಕ್ಷವೇ ಬಲವುಳ್ಳದ್ದಾಗಿ ನನಗೆ ತೋರುವುದು. ಅಂದಿನ ಸಮಾಜವು ಸ್ವರ್ಗವಾಗಿದ್ದಿತೆಂದು ಇದರರ್ಥವಲ್ಲ. ಮಠಗಳ ಮತ್ತು ಶ್ರೀಮಂತರ ಜಹಗೀರುಗಳಿಗೆ ಒಕ್ಕಲುಗಳು ತಲೆತಲಾಂತರವಾಗಿ ಕಟ್ಟುಬಿದ್ದಿದ್ದರು. 1950ರ ಅಕ್ಟೋಬರದಲ್ಲಿ ಚೀನದ ಸೈನ್ಯವು ಖಾಮಿನ ಛಾಂದೋವನ್ನು ಹಿಡಿಯಿತು. 1951ರಲ್ಲಿ ಹದಿನೇಳು ಕಲಮುಗಳ ಒಪ್ಪಂದಕ್ಕೆ ಸಹಿ ಬಿದ್ದಿತು. 1954ರಲ್ಲಿ ನಮ್ಮ ಸರಕಾರವೂ ಅದನ್ನು ಚೀನದ ಪ್ರದೇಶವೆಂದು ಬರೆದುಕೊಟ್ಟಿತು. 1959ರ ಮಾರ್ಚಿಯಲ್ಲಿ ಲ್ಹಾಸಾದ ಜನರು ದಂಗೆಯೆದ್ದರು. ಹದಿನಾಲ್ಕನೆಯ ದಲಾಯಿ ಲಾಮಾ ಹಿಮಾಲಯವನ್ನು ದಾಟಿ ಹಿಂದೂಸ್ಥಾನಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಮಂದಿ ಬಂದರು. 1966ರಿಂದ ಹತ್ತು ವರ್ಷ ನಡೆದ 'ಸಾಂಸ್ಕೃತಿಕ ಕ್ರಾಂತಿ'ಯ ವೇಳೆಗೆ ಅಲ್ಲಿಯ ಮಠಗಳಲ್ಲಿ ಬಹುಭಾಗವು ಹಾಳಾಗಿದ್ದಿತು; ಗಾಂದೆನ್ ವಿಹಾರವಂತೂ ಬರಿಯ ಗೋಡೆಗಳಾಗಿ ನಿಂತಿತು. ಈಚೆಗೆ ಕೆಲವನ್ನು ಮರಳಿ ಕಟ್ಟಿರುವರು. 2006ರಿಂದ ಚೀನದ ರೈಲುಗಾಡಿಯು ಹದಿನಾರು ಸಾವಿರ ಅಡಿಗೂ ಮೇಲಿನ ಕಣಿವೆಯನ್ನು ಹಾಯ್ದು ಲ್ಹಾಸಾಕ್ಕೆ ಬರುವುದು.

ಅಂದು ದೇಶವನ್ನು ಬಿಟ್ಟು ಬಂದವರಿಗೆ ಮೈಸೂರು ರಾಜ್ಯವು 1960ರಲ್ಲಿ ಪಿರಿಯಾಪಟ್ಟಣದ ಸೀಮೆಯ ಬೈಲುಕುಪ್ಪೆಯಲ್ಲಿಯೂ, 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿಯೂ, ತರುವಾಯ ಹುಣಸೂರು ಕೊಳ್ಳೇಗಾಲಗಳ ಕಡೆಯಲ್ಲಿಯೂ ನೆಲವನ್ನು ಕೊಟ್ಟಿತು. ಹನ್ನೆರಡು ಸಾವಿರ ಅಡಿಯ ಹವೆಗೆ ಒಗ್ಗಿದ ದೇಹಗಳು ಮೂರು ಸಾವಿರ ಅಡಿಗೂ ತಗ್ಗಾದ ಕಾಡನ್ನು ಕಡಿದು ಹೊಲಮಾಡಬೇಕಾಯಿತು. ಯವೆ ಹೋಗಿ ಮುಸುಕಿನ ಜೋಳ ಬಂದಿತು. ಚಮರೀಮೃಗವು ಈ ಸೆಕೆಯಲ್ಲಿ ಬದುಕಲಾರದು. ಸೇರಾ ವಿಹಾರವು ಬೈಲುಕುಪ್ಪೆಯಲ್ಲಿಯೂ, ಗಾಂದೆನ್ ದ್ರೇಪುಂಗ್‌ಗಳು ಮುಂಡಗೋಡಿನಲ್ಲಿಯೂ 1970ರ ಸುಮಾರಿಗೆ ಮತ್ತೆ ಹುಟ್ಟಿದುವು. ಅಲ್ಲಿಯ ಅಂಗಳಗಳಲ್ಲಿ ತರುಣಭಿಕ್ಷುಗಳು, ಕುಳಿತ ಪ್ರತಿವಾದಿಯೆದುರಿಗೆ ನಿಂತು, ಅಂಗೈಗೆ ಅಂಗೈ ಹೊಡೆದು ಪ್ರಶ್ನೆಗಳನ್ನೆಸೆಯುತ್ತ ವಾದಿಸುವರು. ಅವರು ಕಂಠಪಾಠ ಮಾಡಿರುವುದು ಪ್ರಮಾಣವಾರ್ತಿಕವನ್ನು. ಧರ್ಮಕೀರ್ತಿಯು ದಕ್ಷಿಣದೇಶದಲ್ಲಿ ಹುಟ್ಟಿದವನೆಂದು ಅವರ ಪರಂಪರೆಯು ಹೇಳುವುದು.

1967ರಲ್ಲಿ ಸಾರನಾಥದಲ್ಲಿ ಸ್ಥಾಪಿತವಾದ ಭೋಟವಿದ್ಯಾಸಂಸ್ಥೆಯಲ್ಲಿ ಸಂಸ್ಕೃತಪಂಡಿತರೂ ಲಾಮಾಗಳೂ ಕೂಡಿ ಕುಳಿತು, ಮೂಲವು ನಷ್ಟವಾದ ಗ್ರಂಥಗಳನ್ನು ಭೋಟಭಾಷೆಯಿಂದ ಸಂಸ್ಕೃತಕ್ಕೆ ಮರಳಿ ತರುತ್ತಿರುವರು. ಸಮ್ಯೇ ವಿಹಾರದಲ್ಲಿ ನಡೆದುದನ್ನೇ ಹಿಂದುಮುಂದಾಗಿ ನಡೆಯಿಸಿದಂತೆ ಈ ಕೆಲಸ. ನಮ್ಮ ಪ್ರಾಂತದಲ್ಲಿ ಇದಕ್ಕೆ ಬೇಕಾದ ಇಬ್ಬರೂ ಇರುವರು: ತರ್ಕವನ್ನೋದಿದ ಪಾಠಶಾಲೆಯ ವಿದ್ಯಾರ್ಥಿಯೂ, ಮುಂಡಗೋಡಿನ ಗೇಶೆಯೂ. ಹುಬ್ಬಳ್ಳಿಯಲ್ಲಿ ಬೆಳಗ್ಗೆ ಬಸ್ಸು ಹತ್ತಿದವನು ಮಧ್ಯಾಹ್ನದ ಊಟಕ್ಕೆ ಮುಂಚೆ ಅಲ್ಲಿರಬಹುದು.